ಡಬ್ಬಿಯೊಳಗಿನ ಇರುವೆಗಳು

೧೪ ನವೆಂಬರ್ ೧೯೯೬, ಗುರುವಾರ. ಸಿಂಧನೂರು

ಆ ಇರುವೆಗಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಕರಿಬಸಯ್ಯನವರ ಪಿಕಪ್ಪಿಗೆ ಹೋದ ತಿಂಗಳಷ್ಟೇ ನಾನು ಹಾಕಿದ್ದ ಬ್ಯಾಟರಿ ಚಾರ್ಜಿಂಗಿನ ಎಲೆಕ್ಟ್ರಾನಿಕ್ ಡಬ್ಬಿ ಸುಟ್ಟುಹೋಗಿದೆ. "ಕಾಲುವ್ಯಾಗ ಇಳಿಸಿ ಗಾಡಿ ತೊಳದಿ, ಅದಕ್ಕ ಹಿಂಗಾಗೈತಿ," ಎಂದು ಅವರು ಡ್ರೈವರ್ ಯಂಕೋಬನನ್ನು ಬೈದರು. ಅವನು ತಲೆ ತಗ್ಗಿಸಿದ.

ಡಬ್ಬಿ ಬಿಚ್ಚಿದರೆ ಒಳಗೆಲ್ಲ ಅಂಟು, ಇರುವೆ. ಕಾಲುವೆ ನೀರಿಗೆ ಇರುವೆ ಮುತ್ತುವುದಿಲ್ಲ. ಅದನ್ನು ಕೂಡಿಸಿದ ದಿನ ಪೂಜೆಗೆಂದು ಬಾನೆಟ್ ಎತ್ತಿ, ಕಾಯಿ ಒಡೆದು, ಎಂಜಿನ್ನಿನ ಮೇಲೆ ಅದರ ನೀರು ಚಿಮುಕಿಸಿದವನು ನಾನೇ.

ಡಬ್ಬಿಯನ್ನು ಸುಮ್ಮನೆ ಜೇಬಿಗೆ ಇಳಿಸಿದೆ.

ಹೊಸದನ್ನು ಕೂಡಿಸಿದ ಮೇಲೆ ಯಂಕೋಬನೇ ಕಾಯಿ ತಂದ. "ನೀವ ಒಡೀರಿ ಮಿಸ್ತ್ರಿ. ನನ್ನ ಕೈಗುಣ ಚಲೋ ಇಲ್ಲ."

ಬಾನೆಟ್ ಮುಚ್ಚಿ, ದೂರ ಹೋಗಿ ರಸ್ತೆಯ ಕಲ್ಲಿಗೆ ಒಡೆದೆ. ಅಷ್ಟು ದೂರ ಯಾಕೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ, ಇಲ್ಲ ಆಗಲೂ ಮುಚ್ಚಿಡುತ್ತಿದ್ದೆನೋ, ನನಗೇ ಗೊತ್ತಿಲ್ಲ.