ಶಸ್ತ್ರಚಿಕಿತ್ಸೆಯಾಗಿ ಹತ್ತೊಂಬತ್ತು ವರ್ಷ, ಯಾರೂ ಕರೆಯಲಿಲ್ಲ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನಾನು ಆರೋಗ್ಯವಾಗಿದ್ದೇನೆ. ಅದೇ ನನ್ನ ದೂರು. ಏಕೆಂದರೆ ಈ ಸಂಗತಿಯನ್ನು ಬರೆದುಕೊಳ್ಳುವವರು ನಿಮ್ಮಲ್ಲಿ ಒಬ್ಬರೂ ಇಲ್ಲ.

ಹತ್ತೊಂಬತ್ತು ವರ್ಷಗಳ ಹಿಂದೆ ನನಗೆ ಪಿಸಿಒಎಸ್ ಇತ್ತು, ಅಂಡಾಶಯದ ಹಾರ್ಮೋನುಗಳು ಏರುಪೇರಾಗುವ ತೊಂದರೆ. ಮುಟ್ಟು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಗಲ್ಲದ ಮೇಲೆ ಗಡ್ಡ ಮಾತ್ರ ದಿನವೂ ತಪ್ಪದೆ ಹಾಜರಿ ಹಾಕುತ್ತಿತ್ತು. ಮಾತ್ರೆಗಳಿಗೆ ಜಗ್ಗದ ನನ್ನ ಅಂಡಾಶಯಗಳಿಗೆ ನಿಮ್ಮ ವೈದ್ಯರು ಸಣ್ಣ ಸಣ್ಣ ರಂಧ್ರ ಕೊರೆದರು. "ಒಂದೆರಡು ವರ್ಷ ಸರಿಹೋಗತ್ತೆ, ಆಮೇಲೆ ನೋಡೋಣ" ಎಂದರು. ಆಮೇಲೆ ಯಾರೂ ನೋಡಲಿಲ್ಲ. ಮುಟ್ಟು ತಿಂಗಳು ತಿಂಗಳು ಬಂತು, ಮಗಳು ಹುಟ್ಟಿದಳು, ನಾನು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾ ನಿಮ್ಮನ್ನು ಮರೆತೆ. ನೀವು ನನ್ನನ್ನು ನನಗಿಂತ ಮೊದಲೇ ಮರೆತಿದ್ದಿರಿ.

ಕಳೆದ ತಿಂಗಳು ತಂಗಿಯ ಮಗಳಿಗೂ ಇದೇ ಶಸ್ತ್ರಚಿಕಿತ್ಸೆ ಸೂಚಿಸಿದಿರಿ. ಹತ್ತಿಪ್ಪತ್ತು ವರ್ಷದ ಮೇಲೆ ಹಾರ್ಮೋನುಗಳು ಏನಾಗುತ್ತವೆ ಎಂದು ಅವಳು ಕೇಳಿದಳಂತೆ. "ನಮ್ಮಲ್ಲಿ ಮಾಡಿಸ್ಕೊಂಡೋರು ಯಾರೂ ತಿರುಗಿ ಬಂದಿಲ್ಲಮ್ಮ, ಹೇಗೆ ಹೇಳಲಿ?" ಎಂದರಂತೆ ನಿಮ್ಮ ವೈದ್ಯೆ. "ದೊಡ್ಡಮ್ಮ, ನೀನಾದ್ರೂ ಹೋಗಿ ಹೇಳ್ಬಾರ್ದಾ?" ಎಂದಳು ಹುಡುಗಿ. ಹೋದೆ.

"ಏನ್ ತೊಂದ್ರೆ?" ಎಂದರು ಚೀಟಿ ಬರೆಯುವ ಗುಮಾಸ್ತರು.

"ಏನೂ ಇಲ್ಲ."

"ಮತ್ತೆ ಯಾಕ್ ಬಂದ್ರಿ?"

"ಏನೂ ಇಲ್ಲ ಅಂತ ಹೇಳೋಕೆ."

"ಅಮ್ಮಾ, ತೊಂದ್ರೆ ಹಾಕದಿದ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ. ಏನಾದ್ರೂ ಒಂದು ಹೇಳಿ ಪುಣ್ಯ ಕಟ್ಕೊಳಿ."

ಹಿಂದಿನ ಸಾಲು ಗೊಣಗುತ್ತಿತ್ತು. ಮಂಡಿನೋವು ಎಂದೆ. ಮೂಳೆ ವೈದ್ಯರು ಮಂಡಿ ಮಡಚಿ ಬಿಡಿಸಿ, ನನ್ನ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ತಾವೇ ಸ್ತ್ರೀರೋಗ ವಿಭಾಗಕ್ಕೆ ಕರೆದೊಯ್ದರು. ರಕ್ತ ತೆಗೆದರು. ಒಮ್ಮೆ ಏರಿದ್ದ ಗಂಡುಹಾರ್ಮೋನು ಇಂದಿಗೂ ಮಿತಿಯಲ್ಲಿದೆಯಂತೆ. ಸಕ್ಕರೆ ಮಾತ್ರ ಗಡಿಯಲ್ಲಿ ನಿಂತಿದೆ. ಪಿಸಿಒಎಸ್ ಇದ್ದವರಿಗೆ ಸಕ್ಕರೆ ಏರುವುದುಂಟು, ಅಂಡಾಶಯ ಕೊರೆದದ್ದರಿಂದ ಅದು ಸರಿಹೋಗುವುದಿಲ್ಲ, ವರ್ಷಕ್ಕೊಮ್ಮೆ ನೋಡಿಸಬೇಕಿತ್ತು ಎಂದರು ಅಲ್ಲಿನ ವೈದ್ಯರು. ಹೇಳಬೇಕಾದವರು ಯಾರು ಸ್ವಾಮಿ, ಮೂಳೆ ವೈದ್ಯರೇ?

ಮನೆಗೆ ಬಂದು ಹಾರ್ಮೋನು, ಸಕ್ಕರೆ ಎರಡರ ಸಂಗತಿಯನ್ನೂ ಹೇಳಿದೆ. ಹುಡುಗಿ ನನ್ನನ್ನು ಅಪ್ಪಿಕೊಂಡಳು. ಆಮೇಲೆ, "ಒಬ್ಬಳ ರಕ್ತ ನೋಡಿ ಹೇಗೆ ತೀರ್ಮಾನ ಮಾಡಲಿ ದೊಡ್ಡಮ್ಮ? ಇನ್ನೊಂದು ನೂರು ಜನರನ್ನ ಕರ್ಕೊಂಡ್ ಬಾ" ಎಂದಳು.

ನಾನು ಎಲ್ಲಿಂದ ತರಲಿ? ಅವರೆಲ್ಲ ನಿಮ್ಮ ಹಳೆಯ ಕಡತಗಳ ಕೋಣೆಯಲ್ಲಿದ್ದಾರೆ. ಬೀಗ ತೆಗೆಸಿ. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆಲ್ಲ ಒಂದೊಂದು ಕಾಗದ ಹಾಕಿ ಕರೆಸಿ, ಪರೀಕ್ಷಿಸಿ. ಚೆನ್ನಾಗಿರುವವರದನ್ನೂ ಇಲ್ಲದವರದನ್ನೂ ಬರೆದಿಡಿ. ಹುಡುಗಿ ಶಸ್ತ್ರಚಿಕಿತ್ಸೆಯನ್ನು ಮೂರು ತಿಂಗಳು ಮುಂದೂಡಿ ಕಾಯುತ್ತಿದ್ದಾಳೆ. ಅವಳಿಗೆ ಧೈರ್ಯವಿದೆ, ಬೇಕಿರುವುದು ಉತ್ತರ.

ಇಂತಿ,
ಚೆನ್ನಾಗಿದ್ದೇನೆಂದು ಹೇಳಲು ಒಂದಿಡೀ ದಿನ ರಜೆ ಹಾಕಿದ,
ಕರೆದರೆ ಇನ್ನೊಂದು ದಿನ ಹಾಕಲೂ ಸಿದ್ಧಳಾಗಿರುವ
ಕರಡು ತಿದ್ದುವವಳು