ಕಾದ ಕಲ್ಲುಗಳು

ಫೆಬ್ರವರಿ 13, ಭಾನುವಾರ

ಸಂಡೇ ಸ್ಕೂಲಿಗೆ ಇಪ್ಪತ್ತಮೂರು ಮಕ್ಕಳು. ಪಾಠ: ಬೇಡಿದರೆ ದೇವರು ಕೊಡುತ್ತಾನೆ. ಯೆಸೇನಿಯಾ ಎದ್ದು ನಿಂತಳು. "ಟೀಚರ್, ಎಷ್ಟು ಸಲ ಬೇಡ್ಬೇಕು?" ಕೊಡುವ ತನಕ ಎಂದೆ. ಎಷ್ಟು ಸುಲಭವಾಗಿ ಬಾಯಿಗೆ ಬಂತು. ಹದಿನಾಲ್ಕು ವರ್ಷದಿಂದ ಇದೇ ಪಾಠ, ಇದೇ ಉತ್ತರ.

ಎವರ್ಟ್ ಸಮುದ್ರಕ್ಕೆ ಹೋಗಿ ಹನ್ನೊಂದು ದಿನ. ಈ ತಿಂಗಳು ಕಳೆದರೆ ಲಾಬ್‌ಸ್ಟರ್ ಹಿಡಿಯುವುದು ಬಂದ್. ಜೂನ್ ಮುಗಿಯುವ ತನಕ ಗಂಡ ಮನೆಯಲ್ಲೇ. ಇಡೀ ದಿನ ತೂಗುಮಂಚ, ತಮಾಷೆ, ಹೊಟ್ಟೆ ತುಂಬ ಆಮೆ ಮಾಂಸ. ಆರಾಧನೆಗೆ ಕರೆದರೆ ಮಾತ್ರ "ಇಬ್ಬರ ಪಾಲಿಂದೂ ನೀನೇ ಹೋಗ್ಬಾ" ಅನ್ನುತ್ತಾನೆ. ಅನ್ನಲಿ. ಬಂದರೆ ಸಾಕು.

ಫೆಬ್ರವರಿ 17

ತಂದರು. ದೋಣಿಕಟ್ಟೆಯಿಂದ ಹಲಗೆಯ ಮೇಲೆ ಮಲಗಿಸಿಕೊಂಡು, ನಾಲ್ಕು ಜನ.

ಸೊಂಟದಿಂದ ಕೆಳಗೆ ಅಲುಗುವುದೇ ಇಲ್ಲ. ಶನಿವಾರ ಮುಳುಗಿ ಮುಳುಗಿ ಹದಿಮೂರನೇ ಗಾಳಿ ಸಿಲಿಂಡರ್ ಮುಗಿಸಿ ನೀರಿನಿಂದ ಮೇಲೆ ಬಂದನಂತೆ. ಮೊದಲು ಹೊಟ್ಟೆನೋವು, ಆಮೇಲೆ ಕಾಲು ಜೋಮು. ಕ್ಯಾಪ್ಟನ್ ಐಸ್ ಪೆಟ್ಟಿಗೆ ತುಂಬುವ ತನಕ ದೋಣಿ ತಿರುಗಿಸಲಿಲ್ಲ. ಐದು ದಿನ. ನಾನು ಮಕ್ಕಳ ಮುಂದೆ ನಿಂತು ‘ಕೊಡುತ್ತಾನೆ’ ಅನ್ನುವಾಗ ಇವನು ದೋಣಿಯ ತಳದಲ್ಲಿ ಬಿದ್ದಿದ್ದ.

"ಏ ಓರ್ಲಿ, ನನ್ ಕಾಲು ದೋಣೀಲೇ ಮರೆತು ಬಂದ್ನಾ ನೋಡು" ಅಂದ. ನಗಿಸಲು. ಯಾರೂ ನಗಲಿಲ್ಲ.

ಫೆಬ್ರವರಿ 27, ಭಾನುವಾರ

ಆಳದಿಂದ ಬೇಗ ಮೇಲೆ ಬಂದವರ ಕಾಯಿಲೆಗೆ ಇದೇ ಮದ್ದಂತೆ, ಆಸ್ಪತ್ರೆಯ ಕಬ್ಬಿಣದ ಪೆಟ್ಟಿಗೆಯೊಳಗೆ ಮಲಗಿಸಿ ಗಾಳಿ ಒತ್ತಿದರು. ಒಂಬತ್ತು ಸಲ. ಹೊರಗೆ ಬೆಂಚಿನ ಮೇಲೆ ನಾನು, ಇನ್ನೂ ಆರು ಡೈವರ್‌ಗಳ ಹೆಂಡಂದಿರು. ಡಾಕ್ಟರು ಮುಖ ನೋಡದೆ ಹೇಳಿದರು, ತಡವಾಗಿ ತಂದಿದ್ದೀರಿ, ಮನೆಗೆ ಕರೆದುಕೊಂಡು ಹೋಗಿ.

ಪಾಸ್ಟರ್ ನಿಕಾನೋರ್ ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಮೂರು ದಿನ ಉಪವಾಸ ಮಾಡಿದೆ. ಇವತ್ತು ಬೆಳಿಗ್ಗೆ ಹೊದಿಕೆ ಸರಿಸಿ ಹೆಬ್ಬೆರಳು ನೋಡುತ್ತ ಕೂತೆ. ಅಲುಗೀತು ಎಂದು. ಒಂದು ಗಂಟೆ ಕೂತೆ.

"ವಿಶ್ವಾಸ ಗಟ್ಟಿಯಾಗಿರ್ಬೇಕಮ್ಮ, ಟೀಚರ್ ನೀವು" ಅಂದರು ಪಾಸ್ಟರ್. ಹಾಗಾದರೆ ಅಲುಗದ್ದು ನನ್ನ ತಪ್ಪು? ಕೇಳಲಿಲ್ಲ. ಕೈ ಕಟ್ಟಿ ನಿಂತೆ.

ಮಾರ್ಚ್ 9

ಅತ್ತೆ ಮೂರು ದಿನದಿಂದ ಒಂದೇ ಸಮ. ಇದು ಕಾಯಿಲೆಯಲ್ಲ, ಲೀವಾಳ ಕೆಲಸ ಅಂತ. ನೀರಿನ ಹೆಂಗಸು. ತನ್ನ ಲಾಬ್‌ಸ್ಟರ್ ಮಿತಿ ಮೀರಿ ತೆಗೆದವರನ್ನು ಹಿಡಿಯುತ್ತಾಳೆ.

"ಸುಕಿಯಾ ಬಸಿಲಿಯೋನ್ನ ಕರೆಸ್ತೀನಿ. ಅವನ ಕೈಯಲ್ಲಿ ಎದ್ದು ನಡೆದೋರಿದ್ದಾರೆ."

"ಅತ್ತೆ, ಮಂತ್ರ ಹಾಕೋ ಸುಕಿಯಾನ ಹತ್ರ ನಾನು ಹೋಗೋ ಹಾಗಿಲ್ಲ. ಸಭೆಯಿಂದ ಹೊರಗೆ ಹಾಕ್ತಾರೆ."

"ಸಭೆ ಏನು ನಿನ್ ಗಂಡನ್ನ ಎತ್ತಿ ಕೂರಿಸ್ತಾ? ಇವನು ನನ್ ಹೊಟ್ಟೇಲಿ ಹುಟ್ಟಿದೋನು ಕಣೇ. ನಿನ್ ದೇವರಿಗೆ ಮೂರು ವಾರ ಕೊಟ್ಟಿದೀನಿ. ಇನ್ನೆಷ್ಟು?"

ಎವರ್ಟ್ ಗೋಡೆ ಕಡೆ ಮುಖ ತಿರುಗಿಸಿ ಮಲಗಿದ್ದ. ಈಗ ತಮಾಷೆಯನ್ನೂ ಮಾಡುವುದಿಲ್ಲ.

ಮಾರ್ಚ್ 12

ಕರೆಸಿದೆವು. ಬರೆದೇಬಿಡುತ್ತೇನೆ — ಕರೆಸಿದ್ದು ಅತ್ತೆಯಲ್ಲ, ನಾನು. ನಾನೇ ಹೋಗಿ ಕರೆದೆ.

ಬಸಿಲಿಯೋ ಒಳ್ಳೆಯ ಮುದುಕ. ನೀರಿನ ಮೇಲೆ ಸಿಳ್ಳೆ ಊದಿ ಅದನ್ನು ಎವರ್ಟ್ ಮೈಮೇಲೆ ಚಿಮುಕಿಸಿದ. ಕಾಲೊಳಗೆ ಸಮುದ್ರದ ಥಂಡಿ ಕೂತಿದೆ, ಕಾಯಿಸಿ ಹೊರಗೆ ಓಡಿಸಬೇಕು ಎಂದ. ನದಿ ಕಲ್ಲುಗಳನ್ನು ಕೆಂಡದಲ್ಲಿ ಕಾಯಿಸಿ, ಎಲೆ ಸುತ್ತಿ, ಬಟ್ಟೆ ಸುತ್ತಿ, ಪಾದಕ್ಕೆ, ಹಿಮ್ಮಡಿಗೆ, ಮೀನಖಂಡಕ್ಕೆ. ಇಡುವ ಕೆಲಸ ಹೆಂಡತಿಯದು. ನಾನಿಟ್ಟೆ. ಒಂದೊಂದು ಕಲ್ಲು ಇಡುವಾಗಲೂ ಮನಸ್ಸಿನಲ್ಲಿ ಯೇಸುವಿನ ಹೆಸರು ಹೇಳಿದೆ. ಎರಡು ದೋಣಿಯಲ್ಲೂ ಕಾಲಿಟ್ಟೆ.

"ಬಿಸಿ ಆಗ್ತಿದ್ಯಾ?" ಅಂತ ಕೇಳುತ್ತಲೇ ಇದ್ದೆ. "ಇಲ್ಲ, ಆರಾಮಾಗಿದೀನಿ" ಅಂದ. ಒಮ್ಮೆಯೂ ನರಳಲಿಲ್ಲ. ಒಳ್ಳೆ ಲಕ್ಷಣ ಅಂದಳು ಅತ್ತೆ. ನನಗೂ ಹಾಗೇ ಅನಿಸಿತು. ಇನ್ನೂ ಎರಡು ಕಲ್ಲು ಇಟ್ಟೆ.

ಮಾರ್ಚ್ 13

ಬಟ್ಟೆ ಬಿಚ್ಚಿದೆ. ಚರ್ಮ ಬಟ್ಟೆಯ ಜೊತೆಗೇ ಬಂತು.

ಮಾರ್ಚ್ 29

ಬರೆಯಲು ಆಗಿರಲಿಲ್ಲ.

ಎರಡೂ ಹಿಮ್ಮಡಿಯಲ್ಲಿ ಮೂಳೆ ಕಾಣುತ್ತಿದೆ. ನರ್ಸ್ ಬಂದು ನೋಡಿ ಬಾಯಿ ಮುಚ್ಚಿಕೊಂಡಳು. "ಸ್ಪರ್ಶ ಇಲ್ದಿರೋ ಕಾಲಮ್ಮ ಇದು. ಸುಟ್ಟಿದ್ದು ಅವರಿಗೆ ಹೆಂಗೆ ಗೊತ್ತಾಗ್ಬೇಕು?" ಇಷ್ಟು ಸಣ್ಣ ವಿಷಯ. ನನಗೆ ಹೊಳೆಯಲಿಲ್ಲ. ಜ್ವರ ಇಳಿಯುತ್ತಿಲ್ಲ. ಆಸ್ಪತ್ರೆಯಲ್ಲಿ ಹತ್ತು ದಿನ ಇಟ್ಟು ವಾಪಸ್ ಕಳಿಸಿದರು. ವಿಷ ರಕ್ತಕ್ಕೆ ಸೇರಿದೆಯಂತೆ.

ಬಸಿಲಿಯೋ ಬಂದು ಅಂಗಳದಲ್ಲಿ ನಿಂತು ಅತ್ತ. ಅವನನ್ನು ಬೈಯಲಾಗಲಿಲ್ಲ. ಇಟ್ಟ ಕೈ ನನ್ನದು.

ಪ್ರಾರ್ಥನೆ ನಿಲ್ಲಿಸಿದ್ದೇನೆ. ಯೇಸುವಿನ ಹೆಸರು ಹೇಳಿಕೊಂಡೇ ಸುಟ್ಟೆನಲ್ಲ. ನೋಡುತ್ತಿದ್ದರೆ ಒಂದು ಮಾತು ಹೇಳಬಾರದಿತ್ತೇ? ಕೈ ತಡೆಯಬಾರದಿತ್ತೇ? ನೋಡುವವರು ಯಾರೂ ಇಲ್ಲ. ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಿದೆ.

ಸಂಜೆ ಸಭೆಯ ಮೂವರು ಹಿರಿಯರು ಬಂದರು. ಸುದ್ದಿ ಮುಟ್ಟಿದೆ. ಸಂಡೇ ಸ್ಕೂಲ್ ಬಿಡಬೇಕು. ಪ್ರಭುಭೋಜನ ಇಲ್ಲ. ಭಾನುವಾರ ಎಲ್ಲರ ಮುಂದೆ ನಿಂತು ತಪ್ಪೊಪ್ಪಿಕೊಂಡರೆ ಪವಿತ್ರ ಗುರುವಾರದ ಹೊತ್ತಿಗೆ ಸೇರಿಸಿಕೊಳ್ಳುತ್ತಾರೆ. ಹೇಳಬೇಕಾದ ಮಾತನ್ನೂ ಚೀಟಿಯಲ್ಲಿ ಬರೆದು ತಂದಿದ್ದರು: ‘ಸೈತಾನನ ಬಾಗಿಲಿಗೆ ಹೋದೆ, ಪಶ್ಚಾತ್ತಾಪ ಪಡುತ್ತೇನೆ.’

"ಓದಿಬಿಡು, ಒಂದು ನಿಮಿಷದ ಕೆಲ್ಸ" ಅಂದ ಎವರ್ಟ್. ಹಲ್ಲು ಕಟಕಟ ಎನ್ನುತ್ತಿತ್ತು ಚಳಿಗೆ.

ಏಪ್ರಿಲ್ 3, ಭಾನುವಾರ

ಹೋದೆ. ಮುಂದಿನ ಬೆಂಚು. ಚೀಟಿ ಕೈಯಲ್ಲೇ ಇತ್ತು. ಹೆಸರು ಕೂಗಿದರು. ಎದ್ದೆ.

ಓದಲಿಲ್ಲ. ಏನು ಹೇಳಿದೆನೋ ಅದನ್ನು ನೆನಪಿದ್ದಷ್ಟು ಬರೆದಿಡುತ್ತೇನೆ. "ಸುಕಿಯಾನ ಹತ್ರ ಹೋದೆ. ಕಾದ ಕಲ್ಲು ನಾನೇ ಇಟ್ಟೆ. ನನ್ ಗಂಡ ಸಾಯ್ತಿರೋದು ನನ್ ಕೈಯಿಂದ. ಆದ್ರೆ ಅವನ ಹತ್ರ ಹೋಗೋಕೆ ಮುಂಚೇನೇ ನನ್ ವಿಶ್ವಾಸ ಹೋಗಿತ್ತು. ಅದನ್ನ ಯಾರೂ ಕೇಳ್ತಿಲ್ಲ. ನಂಗೆ ದೇವರ ಮೇಲೆ ಸಿಟ್ಟಿದೆ. ಇವತ್ತೂ ಇದೆ. ಕ್ಷಮೆ ಬೇಕು, ಆದ್ರೆ ಸಿಟ್ಟು ಹೋಯ್ತು ಅಂತ ಸುಳ್ಳು ಹೇಳಲ್ಲ."

ಪಾಸ್ಟರ್ ಚೀಟಿ ಕಡೆ ಬೆರಳು ತೋರಿಸಿದರು. ಕೂತುಬಿಟ್ಟೆ. ಶಿಸ್ತುಕ್ರಮ ಮುಂದುವರಿಯುತ್ತದೆ ಎಂದು ಓದಿದರು.

ಮನೆ ಕಡೆ ನಡೆದೆ. ಅರ್ಧ ದಾರಿಯಲ್ಲಿ ಹೊಳೆಯಿತು — ಎಲ್ಲರೂ ನನ್ನ ಮಾತು ಕೇಳಿದರು, ನಿಜ. ಆದರೆ ನಾನು ಹೇಳಿದ್ದು ಅವರಿಗಲ್ಲ. ಮೇಲಿನವನಿಗೆ.

ಏಪ್ರಿಲ್ 5

ಮಧ್ಯಾಹ್ನ ಡಲೀಲಾ ಬಂದಳು. ಸಭೆಯ ಗಾಯನಮಂಡಳಿಯವಳು, ಡೈವರ್‌ನ ವಿಧವೆ. ಕುದಿಸಿ ಒಣಗಿಸಿದ ಹಳೆ ಬಟ್ಟೆಗಳ ಗಂಟು ತಂದಿದ್ದಳು. ನನ್ನ ಜೊತೆ ಕೂತು ಗಾಯ ತೊಳೆದಳು. ನಾತಕ್ಕೆ ಮುಖ ಸಿಂಡರಿಸಲಿಲ್ಲ. ಕಟ್ಟು ಹಾಕುವ ಅಂದಾಜು ನನಗಿಂತ ಚೆನ್ನಾಗಿತ್ತು.

"ಎಲ್ಲಿ ಕಲಿತೆ?"

"ನಮ್ಮ ಯಜಮಾನ್ರ ಕಾಲಿಗೆ ಕಟ್ಟಿ. ನಾನೂ ಕಲ್ಲಿಟ್ಟಿದ್ದೆ ಓರ್ಲಿಂಡಾ. ನಾಲ್ಕು ವರ್ಷ ಆಯ್ತು. ಜ್ವರ ಬಂದು ಹೋದ್ರು ಅಂತ ಊರಿಗೆಲ್ಲ ಹೇಳ್ದೆ. ಪ್ರತಿ ವರ್ಷ ಪವಿತ್ರ ಗುರುವಾರ ಪ್ರಭುಭೋಜನ ತಗೊಂಡೆ."

ಇಬ್ಬರೂ ಅತ್ತೆವು. ಹೋಗುವಾಗ ಅವಳು ಹೇಳಿದಳು, "ನಾಳೆ ಕಾರ್ಲೋತಾ ಬರ್ತಾಳೆ. ಅವಳದೂ ಇದೇ ಕಥೆ."

ಮೂವತ್ತು ವರ್ಷದಿಂದ ಈ ಊರಲ್ಲಿ ಗಂಡಸರ ಕಾಲು ಸುಡುತ್ತಿದೆ. ಒಬ್ಬಳು ಬಾಯಿ ಬಿಟ್ಟಿದ್ದರೆ ನಾನು ಕಲ್ಲು ಮುಟ್ಟುತ್ತಿರಲಿಲ್ಲ. ಮರ್ಯಾದೆಗೆ ಹೆದರಿ ಎಲ್ಲರೂ ಜ್ವರ ಎಂದೇ ಹೇಳಿದರು.

ಗಾಯ ತೊಳೆಯುವಾಗ ಬಾಯಲ್ಲಿ ಏನೋ ಗೊಣಗುತ್ತಿದ್ದೆನಂತೆ. "ಯಾರ ಜೊತೆ ಮಾತು?" ಅಂತ ಎವರ್ಟ್ ಕೇಳಿದಾಗ ಗೊತ್ತಾಯಿತು. ಕಣ್ಣು ಮುಚ್ಚಿರಲಿಲ್ಲ, ಕೈ ಜೋಡಿಸಿರಲಿಲ್ಲ. ಬೈಯುತ್ತಿದ್ದೆ. ಆದರೂ ಅದು ಪ್ರಾರ್ಥನೆ.

ಏಪ್ರಿಲ್ 21, ಪವಿತ್ರ ಗುರುವಾರ

ಎಲ್ಲರೂ ಪ್ರಭುಭೋಜನಕ್ಕೆ ಹೋದರು. ನಾನು ಮನೆಯಲ್ಲಿ. ಬಾಳೆಕಾಯಿ ಬೇಯಿಸಿ ತೆಂಗಿನ ಹಾಲು ಹಾಕಿ ಕಿವುಚಿ ಕೊಟ್ಟೆ, ಎರಡು ಚಮಚ ಇಳಿಯಿತು. ಹಾಡು ಇಲ್ಲಿಗೂ ಕೇಳುತ್ತಿತ್ತು. ಹೊಟ್ಟೆಕಿಚ್ಚಾಯಿತು. ನಂಬಿಕೆಯೇ ಇಲ್ಲದವಳಿಗೆ ಆಗಬೇಕಾದ್ದಲ್ಲ ಅದು.

ನರ್ಸ್ ಹೇಳಿದಳು, ಇನ್ನು ಎರಡು ದಿನ, ಹೆಚ್ಚೆಂದರೆ ಮೂರು.

ಏಪ್ರಿಲ್ 23, ಶನಿವಾರ

ಬೆಳಿಗ್ಗೆ ಹೆಂಗಸರೆಲ್ಲ ಸಮಾಧಿಗಳ ಕಳೆ ಕಿತ್ತು ಸುಣ್ಣ ಬಳಿಯಲು ಹೋದರು. ನಾಳೆ ಪುನರುತ್ಥಾನದ ಹಬ್ಬ, ಸೂರ್ಯ ಹುಟ್ಟುವಾಗ ಆರಾಧನೆ ಅಲ್ಲೇ. ಡಲೀಲಾ ನನ್ನನ್ನೂ ಎಳೆದುಕೊಂಡು ಹೋದಳು. ಯಾರೂ ತಡೆಯಲಿಲ್ಲ.

"ಚೆನ್ನಾಗಿ ಗುಡಿಸಿದ್ಯಾ? ನಾನು ಮನೆ ಬದಲಾಯಿಸ್ತಿದೀನಿ" ಅಂದ ಎವರ್ಟ್. ಎಷ್ಟು ದಿನದ ಮೇಲೆ ತಮಾಷೆ. ನಕ್ಕೆ, ಅತ್ತೂಬಿಟ್ಟೆ.

ಆಮೇಲೆ ಕೇಳಿದ. "ಟೀಚರ್ ಥರ ಹೇಳ್ಬೇಡ. ನಿಜ ಹೇಳು. ಇದ್ದಾನಾ?"

"ಇದ್ದಾನೆ. ಇಲ್ಲದೋನ ಜೊತೆ ಎರಡು ತಿಂಗಳು ಜಗಳ ಆಡೋಕಾಗುತ್ತಾ?"

"ನಿಂಗೆ ಯಾರಾದ್ರೂ ಸಾಕು ಜಗಳಕ್ಕೆ."

"ಅವನಿಗೆ ನೀನು ಬೇಕಂತೆ, ನಂಗೂ ಬೇಕು. ಅದಕ್ಕೇ ಜಗಳ."

ಆಮೇಲೆ, ಪ್ರಾರ್ಥನೆ ಹೇಳಿಕೊಡು ಅಂದ. ಮಕ್ಕಳಿಗೆ ಕಲಿಸುವುದನ್ನೇ. ನಾನು ಒಂದೊಂದು ಸಾಲು, ಅವನು ಹಿಂದೆ. ‘ನಿನ್ನ ಇಷ್ಟದಂತೆ ಆಗಲಿ’ ಎನ್ನುವಲ್ಲಿ ನಿಂತೆ. ಆ ಮಾತು ಬಾಯಿಂದ ಹೊರಡಲೇ ಇಲ್ಲ.

ಅವನು ಕಾದ. ಆಮೇಲೆ ತಾನೇ ಹೇಳಿದ. ತಪ್ಪಿಲ್ಲದೆ, ಪೂರ್ತಿ.

"ಎಲ್ಲಿ ಕಲಿತೆ ನೀನು?"

"ಪ್ರತಿ ಶನಿವಾರ ಅಡುಗೆಮನೇಲಿ ಪಾಠ ಒಪ್ಪಿಸ್ತಿದ್ಯಲ್ಲ ಮಾರಾಯ್ತಿ. ತೂಗುಮಂಚದಲ್ಲಿ ಬಿದ್ಕೊಂಡು ಕೇಳ್ತಿದ್ದೆ."

ಅವನ ಹಿಂದೆ ನಾನು ಹೇಳಿದೆ. ಒಪ್ಪಿಕೊಂಡು ಅಲ್ಲ. ಆದರೆ ಹೇಳಿದೆ, ಆ ಕಡೆ ಕೇಳುವವನಿದ್ದಾನೆ ಎಂದು ಗೊತ್ತಿದ್ದೇ ಹೇಳಿದೆ.

ಏಪ್ರಿಲ್ 24, ಬೆಳಗಿನ ಐದು

ಬ್ಯಾಂಡಿನವರು ಸ್ಮಶಾನದ ಕಡೆ ಹೊರಟರು. ಕಿಟಕಿ ತೆರೆದಿಟ್ಟಿದ್ದೇನೆ. ಉಸಿರಿಗೂ ಉಸಿರಿಗೂ ನಡುವೆ ಬಹಳ ಹೊತ್ತು... ಮಾತಾಡಿಸಿದರೆ ರೆಪ್ಪೆ ಅಲುಗುತ್ತದೆ, ಅಷ್ಟೇ. ಅತ್ತೆ ಅವನ ಕೈ ಹಿಡಿದು ಕೂತಿದ್ದಾಳೆ. ಅವಳಿಗೆ ಪ್ರಾರ್ಥನೆ ಬರುವುದಿಲ್ಲ. "ನೀನು ಹೇಳೇ, ನಿಂದೇ ಹೇಳು" ಅಂತ ಕರೆಯುತ್ತಿದ್ದಾಳೆ.

ಹೋಗುತ್ತೇನೆ. ಈ ಸಲ ಆ ಸಾಲಿನಲ್ಲಿ ನಿಲ್ಲಬಾರದು. ನಿಂತರೆ, ಎತ್ತಿ ಹೇಳಲು ಅವನಿಗೆ ಈಗ ಉಸಿರು ಸಾಲದು.