ಹುಳ ಹಣ್ಣಾಗುವವರೆಗೆ

೬-೯-೧೯೬೮, ಬೆಳಿಗ್ಗೆ

ಕೆಟ್ಟ ಕನಸು. ತಟ್ಟೆಗಳೆಲ್ಲ ಖಾಲಿ. ರೇಷ್ಮೆ ಹುಳಗಳು ಸಾಲುಗಟ್ಟಿ ಹೊಸಲು ದಾಟಿ ಹೋಗುತ್ತಿವೆ, ಎಷ್ಟು ಕೂಗಿದರೂ ನಿಲ್ಲವು. ಎದ್ದವನೇ ಒಂದೊಂದು ತಟ್ಟೆಯನ್ನೂ ನೋಡಿದೆ. ಇವೆ. ಸೋಮಿ ಆಗಲೇ ಸೊಪ್ಪು ಹಾಕಿದ್ದಾಳೆ. ಅವಳಿಗೆ ಜ್ವರ, ಇವತ್ತಿಗೆ ಮೂರನೆಯ ದಿನ. ಗಂಡನಾದವನು ಬೇಡ ಅನ್ನಬೇಕಿತ್ತು...

ಹನೂರಿನಿಂದ ನರ್ಸಮ್ಮ ಬಂದರು. ಅವ್ವ ಬಾಗಿಲಿಗೆ ಅಡ್ಡ ನಿಂತಳು. ಹುಳ ಇರುವ ಮನೆಗೆ ಹೊರಗಿನವರು ಕಾಲಿಡಬಾರದು, ಅದರಲ್ಲೂ ಔಷಧಿ ವಾಸನೆ ಹುಳಕ್ಕೆ ಆಗದು. ಸೋಮಿಯನ್ನು ಜಗಲಿಗಾದರೂ ಕರೆತನ್ನಿ, ನೋಡುತ್ತೇನೆ ಅಂದರು ನರ್ಸಮ್ಮ. ಅವರ ಕೈ ಸೋಕಿದವಳು ಮತ್ತೆ ತಟ್ಟೆ ಮುಟ್ಟುವಂತಿಲ್ಲ. ಸೊಪ್ಪು ಹಾಕುವವರು ಯಾರು? ನಾನು ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಬೇಕು, ಅವ್ವನಿಗೆ ಕಣ್ಣು ಕಾಣದು.

ಅವ್ವ ಅಲ್ಲ, ನಾನೇ ಅಂದದ್ದು. "ಉಳ ಅಣ್ಣಾಗ್ಲಿ ಕಣಮ್ಮ. ಗೂಡು ಕಟ್ಟಿದ್ಮೇಲೆ ನಾನೇ ಕರ್ಕಂಡ್ ಬತ್ತೀನಿ."

ನರ್ಸಮ್ಮ ಚೀಲ ಹೆಗಲಿಗೇರಿಸಿ ಹೋದರು.

೧೦-೯

ಹಣ್ಣು ಹುಳ ಆರಿಸಿ, ಗೂಡು ಕಟ್ಟಲಿ ಅಂತ ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಸೋಮಿ ಕೂತುಕೊಂಡೇ ಆರಿಸಿದಳು. ಜ್ವರ ಏಳು ದಿನ. ಸಂಜೆ ಏರುತ್ತದೆ, ಬೆಳಿಗ್ಗೆ ಇಳಿಯುತ್ತದೆ. ಇಳಿದಾಗ ಹೋಯಿತು ಅಂದುಕೊಳ್ಳುತ್ತೇನೆ.

೧೪-೯, ಮಧ್ಯಾಹ್ನ, ಕೊಳ್ಳೇಗಾಲ ಬಸ್ ಸ್ಟ್ಯಾಂಡು

ನಿನ್ನೆ ಗೂಡು ಬಿಡಿಸಿ ಆಯಿತು. ಇವತ್ತು ಹೊರಟೆವು. ಹನೂರಿನಲ್ಲಿ ನರ್ಸಮ್ಮ ನೋಡಿದವರೇ ಮೈಸೂರಿಗೇ ಹೋಗಿ ಅಂದರು. ಇಲ್ಲಿಗೆ ಒಂಬತ್ತೂವರೆಗೆ ಇಳಿದೆವು. ಮೈಸೂರು ಬಸ್ಸು ಒಂದು ಗಂಟೆಗೆ.

ಸೋಮಿಯ ಮೈ ತಣ್ಣಗಿತ್ತು. ಊರು ನೋಡಬೇಕು ಅಂದಳು. ಮದುವೆಯಾಗಿ ಆರು ವರ್ಷ, ಕೊಳ್ಳೇಗಾಲ ಕಂಡಿಲ್ಲ. ಬಿಸಿಲು ಅಂದೆ. ದೂರ ಅಂದೆ. ಬಸ್ಸು ಬೇಗ ಬಂದುಬಿಟ್ಟರೆ? ಅಂದೆ.

"ಬಸ್ಸು ಯಾವತ್ ಬ್ಯಾಗ ಬಂದದು? ಅವಸ್ರ ನಿಮ್ಗೇಯ, ಅದ್ಕಲ್ಲ."

ನಿಧಾನ ನಡೆದೆವು. ಸೋಡಾ ಕುಡಿದಳು, ಅರ್ಧ ನನಗೆ ಕೊಟ್ಟಳು. ದೇವಾಂಗರ ಬೀದಿಯಲ್ಲಿ ನೇಕಾರರು ಮಗ್ಗಕ್ಕೇರಿಸುವ ರೇಷ್ಮೆ ಎಳೆಗಳ ಹಾಸನ್ನು ಉದ್ದಕ್ಕೆ ಎಳೆದು ಗೂಟಕ್ಕೆ ಕಟ್ಟಿದ್ದರು. ಅದರ ಪಕ್ಕದಲ್ಲೇ ಸೆರಗು ಒತ್ತಿಹಿಡಿದು ನಡೆದಳು, ತಾಗಿಬಿಟ್ಟೀತು ಅಂತ. ನಾನು ಸಿಕ್ಕವರನ್ನೆಲ್ಲ ಟೈಮ್ ಕೇಳುತ್ತಿದ್ದೆ.

ಒಂದು ಕೊಟ್ಟಿಗೆಯೊಳಗೆ ಒಲೆ, ಬೇಯುವ ನೀರು, ಅದರಲ್ಲಿ ಗೂಡು. ಕೆಟ್ಟ ನಾತ. ಒಬ್ಬ ಹೆಂಗಸು ಬಿಸಿನೀರಿಗೆ ಕೈಯದ್ದಿ ಎಳೆ ಹಿಡಿಯುತ್ತಾಳೆ, ಒಬ್ಬ ಚರಕ ತಿರುಗಿಸುತ್ತಾನೆ. ಸೋಮಿ ಬಾಗಿಲಲ್ಲೇ ನಿಂತಳು.

"ಏನಕ್ಕ, ಅಂಗ್ ನೋಡ್ತೀಯ? ನೂಲ್ ಕಂಡಿಲ್ವಾ?" ಆ ಹೆಂಗಸು.

"ಉಳ ಸಾಕ್ತೀವಿ. ಗೂಡು ಬಂಡಿ ಏರೋಗಂಟ ಕಂಡಿವ್ನಿ. ಆಮ್ಯಾಕಿಂದು ಕಂಡಿಲ್ಲ."

"ನಾನೂ ಅಂಗೇಯ. ಅತ್ ವರ್ಸ ಆಯ್ತು ನೂಲು ಬಿಚ್ಚಕ್ ಸುರು ಮಾಡಿ. ಒಂದ್ ರೇಷ್ಮೆ ಸೀರೆ ಉಟ್ಟಿಲ್ಲ."

ಇಬ್ಬರೂ ನಕ್ಕರು. ಎಷ್ಟೋ ದಿನದ ಮೇಲೆ ಸೋಮಿ ನಕ್ಕಿದ್ದು. ಆ ಹೆಂಗಸು ಒಳಗೆ ಕರೆದು ಒಂದು ಎಳೆಯ ತುದಿ ಇವಳ ಬೆರಳಿಗೆ ಕೊಟ್ಟಳು. ನನಗೆ ಕಾಣಲೇ ಇಲ್ಲ ಅದು. ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು.

"ನಡಿ ನಡಿ, ಬಸ್ಸು" ಅಂದೆ.

"ಇನ್ನೊಂದ್ ಗಳಿಗೆ ಇರಿ."

ಇರಲಿಲ್ಲ ನಾನು. ರೆಟ್ಟೆ ಹಿಡಿದು ಹೊರಡಿಸಿದೆ. ಎಳೆ ಹರಿಯಿತು.

ಈಗ ಒಂದೂಕಾಲು. ಬಸ್ಸು ಇಲ್ಲ. ಮೂರಕ್ಕಂತೆ. ನನ್ನ ಹೆಗಲಿಗೆ ಒರಗಿದ್ದಾಳೆ, ಮೈ ಕಾಯುತ್ತಿದೆ. ಆ ನೂಲಿನ ಕೊಟ್ಟಿಗೆಗೆ ವಾಪಸ್ ಕರೆದುಕೊಂಡು ಹೋಗಲಾ ಅಂದರೆ ಬೇಡ ಅಂದಳು. ನಡೆಯಲಾಗದು ಅಂದಳು.

೧೫-೯, ಮೈಸೂರು, ಆಸ್ಪತ್ರೆ ವರಾಂಡ

ನಿನ್ನೆ ಸಂಜೆ ಡಾಕ್ಟರು ಕೇಳಿದರು, ಎಷ್ಟು ದಿನದ ಜ್ವರ? ನಾಲ್ಕು ಅಂದುಬಿಟ್ಟೆ. ಬೈಯುತ್ತಾರೆ ಅಂತ. ಹುಳಕ್ಕೋಸ್ಕರ ಇಟ್ಟುಕೊಂಡಿದ್ದೆ ಅಂತ ಹೇಗೆ ಹೇಳುವುದು? ಸೋಮಿ ನನ್ನ ಮುಖ ನೋಡಿದಳು. ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲ. ನಾಳೆ ಡಾಕ್ಟರಿಗೆ ನಿಜ ಹೇಳಬೇಕು.

೧೬-೯

ಹೇಳಲಿಲ್ಲ. ಡಾಕ್ಟರು ಅವಸರದಲ್ಲಿದ್ದರು. ನಾಳೆ.

೧೭-೯

ಸೋಮಿ ಹೋದಳು. ಬೆಳಗಿನ ಜಾವ.

೨-೧೧

ಆಸ್ಪತ್ರೆಯ ಕಾಗದ ಇಷ್ಟು ದಿನ ಪೆಟ್ಟಿಗೆಯಲ್ಲೇ ಇತ್ತು. ಇಂಗ್ಲಿಷು. ಐದನೇ ಕ್ಲಾಸಿಗೆ ಬಿಟ್ಟವನಿಗೆ ಏನು ತಿಳಿದೀತು. ತಿಳಿಯದಿದ್ದದ್ದೇ ಒಳ್ಳೆಯದಾಗಿತ್ತು. ಹಗಲೆಲ್ಲ ಒಂದೇ ಯೋಚನೆ: ನಾಲ್ಕು ದಿನದ ಜ್ವರಕ್ಕೆ ಒಂದು ಮದ್ದು, ಹನ್ನೊಂದು ದಿನದ್ದಕ್ಕೆ ಬೇರೆ ಇರಬಹುದಲ್ಲ. ಇವತ್ತು ಗುರುಪಾದಸ್ವಾಮಿ ಮೇಷ್ಟ್ರ ಮನೆಗೆ ತೆಗೆದುಕೊಂಡು ಹೋದೆ. ನಾಲ್ಕು ಅಂತ ಇರುತ್ತದೆ, ಅಷ್ಟು ಓದಿಸಿಕೊಂಡು ಬರೋಣ ಅಂತ.

ಮೇಷ್ಟ್ರು ಓದಿದರು. "ಜ್ವರ ಹನ್ನೊಂದು ದಿನ. ರೋಗಿಯೇ ಹೇಳಿದ್ದು ಅಂತ ಬರೆದವ್ರೆ."

"ನಾಕು ಅಂತ ಇಲ್ವಾ ಸಾ?"

"ನಾಲ್ಕು ಅಂತ ಬರೆದು ಹೊಡೆದು ಹಾಕವ್ರೆ. ಯಾಕೋ ಮಾದಪ್ಪ?"

ಸೋಮಿ ಹೇಳಿದ್ದಾಳೆ. ನಾನು ಇಲ್ಲದಾಗ. ನನ್ನ ಎದುರಿಗೆ ನನ್ನ ಮಾತು ತೆಗೆದು ಹಾಕಲಿಲ್ಲ. ಆದರೆ ಯಾವತ್ತು ಹೇಳಿದಳು? ಬಂದ ಸಂಜೆಯೇ ಹೇಳಿದ್ದರೆ ಮದ್ದು ಸರಿಯಾಗಿಯೇ ಬಿದ್ದಿದೆ. ನಾನು ಹೇಳುತ್ತೇನೆ ಅಂತ ಎರಡು ದಿನ ಕಾದಿದ್ದರೆ...

ಮೇಷ್ಟ್ರು ಕಾಗದ ಮಡಿಸಿ ಕೊಟ್ಟು ಒಳಗೆ ಹೊರಟಿದ್ದರು. ಕಾಗದ ಮತ್ತೆ ಬಿಚ್ಚಿ ಅವರ ಮುಂದೆ ಹಿಡಿದೆ. "ತಾರೀಕು ಯಾವ್ದು ಸಾ? ಅನ್ನೊಂದು ದಿನ ಅಂತ ತಿದ್ದಿರ ಕಡೆ... ಅದ್ನಾಕಾ, ಅದ್ನಾರಾ? ಇನ್ನೊಂದ್ ಕಿತ ನೋಡಿ—"